ಟಾಲೆಮಿಯ ನಕ್ಷೆಯಲ್ಲಿ ದಕ್ಷಿಣ ಭಾರತ ಎಲ್ಲಿ ಹೋಯಿತು?

ನಕ್ಷೆಹುಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡನೇ ಶತಮಾನದ ಗ್ರೀಕ್ ಪಂಡಿತ ಟಾಲೆಮಿಯ ಲೋಕನಕ್ಷೆ ಅಂತ ಹುಡುಕಿದರೆ ಮೊದಲು ಸಿಗುವ ಚಿತ್ರ ಇದೆಯಲ್ಲ, ಕಡು ನೀಲಿ ಸಮುದ್ರ, ಸುತ್ತಲೂ ಕೆನ್ನೆ ಉಬ್ಬಿಸಿ ಗಾಳಿ ಊದುವ ತಲೆಗಳು, 1482ರಲ್ಲಿ ಜರ್ಮನಿಯ ಉಲ್ಮ್ ಊರಿನಲ್ಲಿ ಅಚ್ಚಾದದ್ದು, ಅದನ್ನು ದೊಡ್ಡದು ಮಾಡಿಕೊಂಡು ನೋಡುತ್ತಿದ್ದೆ. ಇಟಲಿ ಗೊತ್ತಾಗುತ್ತದೆ. ನೈಲ್ ನದಿ, ಕೆಂಪು ಸಮುದ್ರ, ಅರೇಬಿಯಾ ಕೂಡ. ಸಿಂಧೂ ನದಿಯ ಮುಖದವರೆಗೂ ಪರವಾಗಿಲ್ಲ. ಅಲ್ಲಿಂದ ಮುಂದೆ ನಮ್ಮ ಕರಾವಳಿ ಕೆಳಕ್ಕೆ ಇಳಿಯಬೇಕಲ್ವಾ? ಇಳಿಯುವುದೇ ಇಲ್ಲ. ಅಡ್ಡಡ್ಡ ಪೂರ್ವಕ್ಕೆ ಹೋಗಿ ಗಂಗೆ ಸೇರಿಬಿಡುತ್ತದೆ. ತ್ರಿಕೋನವೇ ಮಾಯ. ಅದರ ಕೆಳಗೆ ಟಾಪ್ರೊಬೇನ್ ಅಂತ ಒಂದು ಭಾರೀ ದ್ವೀಪ, ಅದು ಶ್ರೀಲಂಕಾ ಅಂತೆ.

ರೋಮ್ ಕಾಲದ ಹಡಗುಗಳು ಮೆಣಸು ಕೊಳ್ಳಲು ಕೇರಳದ ಮುಜಿರಿಸ್‌ಗೆ ಬರುತ್ತಲೇ ಇದ್ದವು. ಹಾಗಿದ್ದ ಮೇಲೆ ಇಷ್ಟು ದೊಡ್ಡ ತಪ್ಪು ಹೇಗಾಯಿತು? ಆಗಿದ್ದು ಆಯಿತು ಅನ್ನೋಣ, ಆಮೇಲೆ 1300 ವರ್ಷ ಯಾರೂ ಯಾಕೆ ಸರಿ ಮಾಡಲಿಲ್ಲ? ಅರಬ್ ವ್ಯಾಪಾರಿಗಳಂತೂ ಇಲ್ಲೇ ಓಡಾಡಿಕೊಂಡಿದ್ದರು. ಇನ್ನೊಂದು ಗುಂಪಿನಲ್ಲಿ ಕೇಳಿದಾಗ "ಆಗಿನವರು ಭೂಮಿ ಚಪ್ಪಟೆ ಅಂದುಕೊಂಡಿದ್ದರು, ಅದಕ್ಕೆ" ಅಂತ ಒಬ್ಬರು ಮುಗಿಸಿಬಿಟ್ಟರು. ಅದು ಉತ್ತರ ಅನ್ನಿಸಲಿಲ್ಲ.

ಹಳೇಕಾಗದ

ಚಪ್ಪಟೆ ಭೂಮಿಯ ಮಾತು ಮೊದಲು ಪಕ್ಕಕ್ಕಿಡೋಣ. ಟಾಲೆಮಿಗೂ ಸುಮಾರು 400 ವರ್ಷ ಮೊದಲೇ ಎರಟೋಸ್ಥನೀಸ್ ಅನ್ನುವ ಗ್ರೀಕ್ ಪಂಡಿತ ಗುಂಡು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ. ಯುರೋಪಿನ ಮಧ್ಯಯುಗದಲ್ಲೂ ಓದು ಬಲ್ಲವರಿಗೆ ಭೂಮಿ ಗುಂಡು ಅನ್ನುವುದು ಪಾಠದ ವಿಷಯವೇ ಆಗಿತ್ತು. ಟಾಲೆಮಿಯ ನಕ್ಷೆ ಕೆಟ್ಟದ್ದು ಭೂಮಿ ಗುಂಡು ಅಂತ ಗೊತ್ತಿಲ್ಲದೆ ಅಲ್ಲ. ಗುಂಡು ಅಂತ ಗೊತ್ತಿದ್ದು, ಅಳತೆ ಇಲ್ಲದೆ ಅಳೆದ ಹಾಗೆ ಬರೆದದ್ದರಿಂದ.

ನೀವು ನೋಡಿದ ಚಿತ್ರ ಟಾಲೆಮಿ ಬರೆದದ್ದಲ್ಲ ಅನ್ನುವುದೂ ಗಮನದಲ್ಲಿರಲಿ. ಅವನು ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕೂತು ಬರೆದ ಪುಸ್ತಕದಲ್ಲಿ ಬಹುಪಾಲು ಬರೀ ಪಟ್ಟಿ. ಸುಮಾರು 8000 ಹೆಸರು, ಹೆಚ್ಚಿನವಕ್ಕೆ ಪಕ್ಕದಲ್ಲಿ ಎರಡು ಸಂಖ್ಯೆ, ರೇಖಾಂಶ ಮತ್ತು ಅಕ್ಷಾಂಶ. ಪಟ್ಟಿ ಇಟ್ಟುಕೊಂಡು ಯಾರು ಬೇಕಾದರೂ ನಕ್ಷೆ ಬರೆದುಕೊಳ್ಳಬಹುದು, ಹೇಗೆ ಬರೆಯಬೇಕು ಅಂತಲೂ ಹೇಳಿಕೊಟ್ಟಿದ್ದಾನೆ. ಅವನ ಕಾಲದ ನಕ್ಷೆ ಒಂದೂ ಉಳಿದಿಲ್ಲ. ಈಗ ಸಿಗುವ ಹಳೆಯ ಗ್ರೀಕ್ ಪ್ರತಿಗಳೇ 13ನೇ ಶತಮಾನದ ಕೊನೆಯವು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮ್ಯಾಕ್ಸಿಮಸ್ ಪ್ಲಾನುಡೀಸ್ ಅನ್ನುವ ಸನ್ಯಾಸಿ ಹುಡುಕಿ ತೆಗೆಸದೇ ಇದ್ದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲವೇನೋ.

ಈಗ ಆ ಸಂಖ್ಯೆಗಳನ್ನೇ ನೋಡಿ. ಬರಿಗಾಜ ಅಂದರೆ ಗುಜರಾತಿನ ಭರೂಚ್. ಟಾಲೆಮಿ ಅದನ್ನು ಸುಮಾರು 17 ಡಿಗ್ರಿ 20 ನಿಮಿಷ ಉತ್ತರ ಅಕ್ಷಾಂಶದಲ್ಲಿ ಇಟ್ಟಿದ್ದಾನೆ. ಕನ್ಯಾಕುಮಾರಿಯನ್ನು ಸುಮಾರು 13 ಡಿಗ್ರಿ 30 ನಿಮಿಷದಲ್ಲಿ. ಎರಡರ ನಡುವೆ 4 ಡಿಗ್ರಿಯೂ ಇಲ್ಲ. ನಿಜದಲ್ಲಿ ಭರೂಚ್ 21.7, ಕನ್ಯಾಕುಮಾರಿ 8.1. ನಡುವೆ ಹದಿಮೂರೂವರೆ ಡಿಗ್ರಿ, ಅಂದರೆ ಸುಮಾರು 1500 ಕಿಲೋಮೀಟರ್. ಅವನ ಪಟ್ಟಿಯಲ್ಲಿ ಅದು ನಮ್ಮ ಇಂದಿನ ಲೆಕ್ಕಕ್ಕೆ ಹೆಚ್ಚುಕಡಿಮೆ ಬೆಂಗಳೂರು ಹುಬ್ಬಳ್ಳಿ ದೂರ. ಗುಜರಾತ್‌ನಿಂದ ಕೇರಳದ ತುದಿಯವರೆಗಿನ ಕರಾವಳಿಯನ್ನು ಅಷ್ಟರಲ್ಲೇ ತುರುಕಬೇಕು! ರೊಟ್ಟಿ ತಟ್ಟಿದ ಹಾಗೆ ಅಗಲಕ್ಕೆ ಹೋಗದೆ ಇನ್ನೇನು ಮಾಡೀತು?

ಹೀಗೇಕಾಯಿತು? ಅಕ್ಷಾಂಶ ತಿಳಿಯಲು ಆ ಜಾಗದಲ್ಲಿ ನಿಂತು ಬಿಸಿಲಿನ ನೆರಳನ್ನೋ ಧ್ರುವದ ಎತ್ತರವನ್ನೋ ಅಳೆಯಬೇಕು. ಹಾಗೆ ಅಳೆದ ಊರುಗಳು ತೀರಾ ಕಡಿಮೆ, ಹಿಂದಿನ ಗ್ರೀಕ್ ಖಗೋಳ ಪಂಡಿತ ಹಿಪ್ಪಾರ್ಕಸ್ ಒಬ್ಬನೇ ಕೆಲವಕ್ಕೆ ಕೊಟ್ಟಿದ್ದಾನೆ ಅಂತ ಟಾಲೆಮಿಯೇ ಹೇಳಿಕೊಳ್ಳುತ್ತಾನೆ. ರೇಖಾಂಶದ ಪಾಡು ಇನ್ನೂ ಕಷ್ಟ. ಒಂದೇ ಚಂದ್ರಗ್ರಹಣವನ್ನು ಎರಡು ಊರಲ್ಲಿ ನೋಡಿ ಗಂಟೆಯ ವ್ಯತ್ಯಾಸ ತೆಗೆಯಬೇಕು. ಅದಕ್ಕೆ ಅವನು ಉದಾಹರಣೆ ಕೊಡುವುದು ಕ್ರಿ.ಪೂ. 331ರ ಗ್ರಹಣ, ಇರಾಕಿನ ಅರ್ಬೇಲಾದಲ್ಲಿ ಐದನೇ ಗಂಟೆಗೆ, ಕಾರ್ಥೇಜ್‌ನಲ್ಲಿ ಎರಡನೇ ಗಂಟೆಗೆ ಕಂಡಿತು ಅಂತ. ಮೂರು ಗಂಟೆ ಅಂದರೆ 45 ಡಿಗ್ರಿ. ನಿಜವಾದ ದೂರ 34 ಡಿಗ್ರಿ ಅಷ್ಟೇ. ಆದರ್ಶ ಅಂತ ತೋರಿಸಿದ ಉದಾಹರಣೆಯೇ ಹೀಗೆ.

ಹಾಗಾಗಿ ಉಳಿದದ್ದೆಲ್ಲ ನಾವಿಕರು, ವ್ಯಾಪಾರಿಗಳು ಹೇಳಿದ "ಇಷ್ಟು ದಿನದ ಪಯಣ" ಅನ್ನುವ ಲೆಕ್ಕ. ಅದನ್ನು ಡಿಗ್ರಿಗೆ ಇಳಿಸುವಾಗ ಎರಟೋಸ್ಥನೀಸ್ ಹೇಳಿದ ಹಾಗೆ ಡಿಗ್ರಿಗೆ 700 ಸ್ಟೇಡಿಯ (ಗ್ರೀಕರ ದೂರದ ಅಳತೆ) ಹಿಡಿಯದೆ ಟಾಲೆಮಿ 500 ಹಿಡಿದ. 35,000 ಸ್ಟೇಡಿಯ ದೂರ ಅಲ್ಲಿ 50 ಡಿಗ್ರಿ, ಇವನಲ್ಲಿ 70 ಡಿಗ್ರಿ. ಎಲ್ಲ ಪೂರ್ವ ಪಶ್ಚಿಮಕ್ಕೆ ಎಳೆದುಕೊಂಡಿತು. ಸುಮಾರು 42 ಡಿಗ್ರಿ ಇರುವ ಮೆಡಿಟರೇನಿಯನ್ ಅವನ ಕೈಯಲ್ಲಿ 62 ಆಗಿದೆ.

ಶ್ರೀಲಂಕಾದ ವಿಷಯ ಬೇರೆ. ಅದು ಇನ್ನೊಂದು ಲೋಕವೇ ಇರಬೇಕು ಅನ್ನುವಷ್ಟು ದೊಡ್ಡದು ಅಂತ ಗ್ರೀಕರಲ್ಲಿ ಅಲೆಕ್ಸಾಂಡರನ ಕಾಲದಿಂದಲೂ ಮಾತಿತ್ತು. ಅಷ್ಟು ದೊಡ್ಡ ದ್ವೀಪಕ್ಕೆ ಭಾರತದ ಕೆಳಗೆ ಜಾಗ ಬೇಕು. ಟಾಲೆಮಿಯ ಟಾಪ್ರೊಬೇನ್ ಮೇಲೆ ಸಮಭಾಜಕ ವೃತ್ತವೇ ಹಾದುಹೋಗುತ್ತದೆ. ದ್ವೀಪ ಬೆಳೆದಷ್ಟೂ ಭಾರತದ ತುದಿ ಮೇಲೆ ಸರಿಯಿತು ಅನ್ನುವುದು ನನಗೆ ಒಪ್ಪಿಗೆಯಾಗುವ ವಿವರಣೆ.

ಹೊಟ್ಟೆ ಉರಿಸುವ ವಿಷಯ ಏನೆಂದರೆ, ಟಾಲೆಮಿಗೂ ಮೊದಲೇ, ಒಂದನೇ ಶತಮಾನದಲ್ಲಿ, ಈ ಕಡಲಿನ ವ್ಯಾಪಾರದ ಬಗ್ಗೆ ಬರೆದ ಒಂದು ಗ್ರೀಕ್ ಕೈಪಿಡಿ ಇದೆ, ಪೆರಿಪ್ಲಸ್ ಅಂತ. ಬರಿಗಾಜದಿಂದ ಮುಂದೆ ಕರಾವಳಿ ಉತ್ತರದಿಂದ ದಕ್ಷಿಣಕ್ಕೆ ಚಾಚುತ್ತದೆ, ಆ ಸೀಮೆಗೆ ದಖಿನಬಾದೆಸ್ ಅನ್ನುತ್ತಾರೆ ಅಂತ ಅದರಲ್ಲಿ ಸ್ಪಷ್ಟವಾಗಿಯೇ ಇದೆ. ನಮ್ಮ ದಕ್ಷಿಣಾಪಥವೇ. ಹಡಗಿನವರಿಗೆ ಗೊತ್ತಿತ್ತು, ಮೇಜಿನವನಿಗೆ ತಲುಪಲಿಲ್ಲ.

ಕಡಲಂಚು_ಕಾರವಾರ

ಹಳೇಕಾಗದ ಅವರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ಆಕಾರ ಹಾಳಾದರೂ ಹೆಸರುಗಳು ಹಾಳಾಗಿಲ್ಲ. ಅದೇ ಪಟ್ಟಿಯಲ್ಲಿ ನಮ್ಮ ಬನವಾಸಿ ಇದೆ, ಗ್ರೀಕ್ ನಾಲಿಗೆಯಲ್ಲಿ ಬನಔಅಸೇಯ್ ಅಂತ ಏನೋ ಆಗಿದೆ, ಆದರೂ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಯೂರವರ್ಮನಿಗೂ ಮೊದಲಿನ ಮಾತು ಇದು. ಹತ್ತಿರದಲ್ಲೇ ಬಾದಾಮಿ ಅಂತ ಹಲವರು ಹೇಳುವ ಇನ್ನೊಂದು ಹೆಸರೂ ಇದೆ. ಪೈಠಣವನ್ನು ಒಬ್ಬ ರಾಜನ ರಾಜಧಾನಿ ಅಂತ ಬರೆದಿದ್ದಾನೆ, ಆ ರಾಜನ ಹೆಸರು ಶಾತವಾಹನರ ಪುಳುಮಾವಿಯದು. ಪುಳುಮಾವಿ ಹೆಚ್ಚುಕಡಿಮೆ ಟಾಲೆಮಿಯ ಕಾಲದವನೇ. ಅಂದರೆ ಸುದ್ದಿ ತಾಜಾ ಇತ್ತು. ಡಿಗ್ರಿ ಮಾತ್ರ ತಪ್ಪು.

ಇನ್ನೊಂದು, ಆಕಾರದ ಗೊಡವೆಗೇ ಹೋಗದ ರೋಮನ್ ನಕ್ಷೆಯೂ ಒಂದಿದೆ. ಪಾಯ್ಟಿಂಗರ್ ನಕ್ಷೆ ಅಂತ, ಮೂಲ ರೋಮನ್ ಕಾಲದ್ದು, ಉಳಿದಿರುವ ಪ್ರತಿ ಮಧ್ಯಯುಗದ್ದು, ವಿಯೆನ್ನಾದಲ್ಲಿದೆ. ಉದ್ದ ಆರೂಮುಕ್ಕಾಲು ಮೀಟರ್, ಎತ್ತರ ಬರೀ 34 ಸೆಂಟಿಮೀಟರ್! ರಸ್ತೆ, ಊರು, ಊರಿಂದ ಊರಿಗೆ ದೂರ, ಅಷ್ಟೇ. ಬಲತುದಿಯಲ್ಲಿ ಮುಜಿರಿಸ್ ಇದೆ, ಪಕ್ಕದಲ್ಲಿ ಅಗಸ್ಟಸ್ ಗುಡಿ ಅಂತ ಒಂದು ಪುಟ್ಟ ಕಟ್ಟಡ ಬರೆದಿದ್ದಾರೆ. ಅದನ್ನು ನೋಡಿ ಯಾರೂ "ಭಾರತದ ತ್ರಿಕೋನ ಎಲ್ಲಿ" ಅಂತ ಕೇಳುವುದಿಲ್ಲ.

ಸುಮ್ನೆ_ಓದೋನು

ಎಲ್ಲ ಸರಿ ಗುರು, ಅವರಿಗೆ ಗೊತ್ತಾಗಲಿಲ್ಲ ಅಂತ ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು? ನಮ್ಮಲ್ಲಿ ಜಂಬೂದ್ವೀಪದ ನಕ್ಷೆ ಅವರಿಗಿಂತ ಹಳೆಯದು ಅಲ್ವಾ? ಅದರ ಬಗ್ಗೆ ಯಾರೂ ಮಾತಾಡಲ್ಲ.

ಹಳೇಕಾಗದ

@ಸುಮ್ನೆ_ಓದೋನು ಮಾತಾಡೋಣ ಬನ್ನಿ. ಜಂಬೂದ್ವೀಪದ ಕಲ್ಪನೆ ಹಳೆಯದು, ನಿಜ. ಬಟ್ಟೆಯ ಮೇಲೆ ಬರೆದು ಉಳಿದಿರುವ ಜೈನರ ಎರಡೂವರೆ ದ್ವೀಪದ ಪಟಗಳು ಮಾತ್ರ 15ನೇ ಶತಮಾನದಿಂದ ಈಚಿನವು. ನಡುವೆ ಮೇರು, ಸುತ್ತ ಜಂಬೂದ್ವೀಪ, ಅದರ ಸುತ್ತ ಲವಣ ಸಮುದ್ರ, ಆಮೇಲೆ ಧಾತಕೀಖಂಡ, ಮತ್ತೆ ಸಮುದ್ರ, ಆಮೇಲೆ ಪುಷ್ಕರದ ಅರ್ಧ. ಮನುಷ್ಯರು ಹುಟ್ಟಬಹುದಾದ ಜಾಗ ಅಷ್ಟೇ ಅಂತ ತೋರಿಸುವ ಪಟ ಅದು. ಎಷ್ಟು ನೋಡಿದರೂ ಸಾಕಾಗದಷ್ಟು ಚೆಂದ. ಆದರೆ ಭರೂಚ್‌ನಿಂದ ಕನ್ಯಾಕುಮಾರಿ ಎಷ್ಟು ದೂರ ಅಂತ ಅದು ಹೇಳುವುದಿಲ್ಲ, ಹೇಳಲು ಹೊರಟೂ ಇಲ್ಲ. ಹಾಗಂತ ನಮ್ಮವರಿಗೆ ಲೆಕ್ಕ ಬರುತ್ತಿರಲಿಲ್ಲ ಅಂತಲ್ಲ. 499ರಲ್ಲೇ ಆರ್ಯಭಟ ಗುಂಡು ಭೂಮಿಯ ಅಳತೆ ಕೊಟ್ಟಿದ್ದಾನೆ. ಲೆಕ್ಕದವರು ಮತ್ತು ಪಟ ಬರೆಯುವವರು ಬೇರೆ ಬೇರೆ ಮನೆಯವರಾಗಿದ್ದರು.

ನಕ್ಷೆ ಬರೆದವರ ಜಾಗವೇ ದೊಡ್ಡದಾಗಿ ಕಾಣುವುದು ಎಲ್ಲ ಕಡೆಯೂ ಇದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಬ್ಯಾಬಿಲಾನಿನ ಮಣ್ಣಿನ ಹಲಗೆ ಇದೆ, ಎರಡೂವರೆ ಸಾವಿರ ವರ್ಷಕ್ಕಿಂತ ಹಳೆಯದು, ಅಂಗೈಯಷ್ಟು. ನಡುವೆ ಬ್ಯಾಬಿಲಾನ್, ಸುತ್ತ ವೃತ್ತವಾಗಿ ಕಹಿನೀರು. ಕೊರಿಯಾದಲ್ಲಿ 1402ರಲ್ಲಿ ಮಾಡಿದ ಕಾಂಗ್ನಿಡೋ ನಕ್ಷೆಯಲ್ಲಿ ಆಫ್ರಿಕಾದ ದಕ್ಷಿಣ ತುದಿ ಇದೆ, ಅದೂ ಪೋರ್ಚುಗೀಸರು ಅಲ್ಲಿ ಹೋಗುವ ಮೊದಲೇ! ಕೊರಿಯಾ ಆನೆಯಷ್ಟು ದೊಡ್ಡದಿದೆ. ಭಾರತ ಮಾತ್ರ ಚೀನಾದ ಒಳಗೆ ಕರಗಿಹೋಗಿದೆ. ನಮ್ಮ ತ್ರಿಕೋನಕ್ಕೆ ಎಲ್ಲ ಕಡೆಯೂ ಗ್ರಹಚಾರ.

ರೋಜರನ_ಆಸ್ಥಾನ

ಎರಡನೇ ಪ್ರಶ್ನೆಗೆ, ಅಂದರೆ ಯಾಕೆ ಯಾರೂ ಸರಿ ಮಾಡಲಿಲ್ಲ ಅನ್ನುವುದಕ್ಕೆ, ನನ್ನ ಕಡೆಯಿಂದ. ಸರಿ ಮಾಡಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಬಾಗ್ದಾದ್‌ನಲ್ಲಿ ಅಲ್ ಖ್ವಾರಿಜ್ಮಿ 9ನೇ ಶತಮಾನದಲ್ಲಿ ಟಾಲೆಮಿಯ ಪಟ್ಟಿಯನ್ನು ತಿದ್ದಿ ಬರೆದ. ಮೆಡಿಟರೇನಿಯನ್ 62ರಿಂದ ಸುಮಾರು 50 ಡಿಗ್ರಿಗೆ ಇಳಿಯಿತು. ಟಾಲೆಮಿ ಹಿಂದೂ ಮಹಾಸಾಗರವನ್ನು ಸುತ್ತ ನೆಲದಿಂದ ಮುಚ್ಚಿ ಕೆರೆ ಮಾಡಿದ್ದ, ಅದನ್ನೂ ಇವನು ತೆರೆದ. ಭಾರತದ ಆಕಾರ ಮಾತ್ರ ಹಾಗೇ ಉಳಿಯಿತು.

ಅಲ್ ಇದ್ರೀಸಿಯ ಕತೆ ಕೇಳಿ. ಸಿಸಿಲಿಯ ಪಾಲೆರ್ಮೊದಲ್ಲಿ ಕ್ರೈಸ್ತ ರಾಜ ಎರಡನೇ ರೋಜರ್, ಅವನ ಆಸ್ಥಾನದಲ್ಲಿ ಈ ಮುಸ್ಲಿಂ ಪಂಡಿತ. ಸುಮಾರು 15 ವರ್ಷ, ಬಂದ ಪಯಣಿಗರನ್ನೆಲ್ಲ ಕರೆಸಿ ಕೇಳುವುದು, ಹೇಳಿಕೆ ಒಂದಕ್ಕೊಂದು ತಾಳೆಯಾದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬಿಡುವುದು. 1154ರಲ್ಲಿ ಪುಸ್ತಕ ಮುಗಿಯಿತು, ಒಳಗೆ 70 ತುಂಡು ನಕ್ಷೆ, ದಕ್ಷಿಣ ಮೇಲೆ. ಜೊತೆಗೆ ಬೆಳ್ಳಿಯಲ್ಲಿ ಕೊರೆಸಿದ ದೊಡ್ಡ ನಕ್ಷೆ ಬೇರೆ, ಅದು ಈಗಿಲ್ಲ. ಇಷ್ಟೆಲ್ಲ ಮಾಡಿದವನ ನಕ್ಷೆಯಲ್ಲೂ ಸರಂದೀಪ, ಅಂದರೆ ಶ್ರೀಲಂಕಾ, ಊದಿಕೊಂಡಿದೆ, ಭಾರತ ಸೊಟ್ಟಗಿದೆ. ಪಾಲೆರ್ಮೊಗೆ ಉತ್ತರ ಆಫ್ರಿಕಾದವರು, ಫ್ರೆಂಚರು ದಿನಾ ಬರುತ್ತಿದ್ದರು. ಮಲಬಾರಿನ ನಾವಿಕ ಬರುತ್ತಿದ್ದನೇ? ದೂರದ ಜಾಗಕ್ಕೆ ಹಳೆಯ ಪುಸ್ತಕವೇ ಗತಿ.

ಇದೇ ಕಾಲದ ಯುರೋಪಿನ ಚರ್ಚಿನ ನಕ್ಷೆಗಳಿಂದ ಇಂಥ ತಿದ್ದುಪಡಿ ನಿರೀಕ್ಷೆ ಮಾಡಬೇಡಿ. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿರುವ ಸುಮಾರು 1300ರ ನಕ್ಷೆ ಒಂದೇ ಕರುವಿನ ಚರ್ಮದ ಮೇಲಿದೆ. ಪೂರ್ವ ಮೇಲೆ, ಜೆರುಸಲೇಮ್ ನಟ್ಟನಡುವೆ, ತುತ್ತತುದಿಯಲ್ಲಿ ಸ್ವರ್ಗದ ತೋಟ. ಕೆಂಪು ಸಮುದ್ರಕ್ಕೆ ಕೆಂಪು ಬಣ್ಣವನ್ನೇ ಬಳಿದಿದ್ದಾರೆ. ಭಾರತ ಮೇಲ್ಗಡೆ, ಅಂಬಾರಿ ಹೊತ್ತ ಆನೆಯೂ ಇದೆ. ಇನ್ನೂ ಮಜಾ ಅಂದರೆ ಯುರೋಪ್ ಮೇಲೆ ಆಫ್ರಿಕಾ ಅಂತಲೂ ಆಫ್ರಿಕಾ ಮೇಲೆ ಯುರೋಪ್ ಅಂತಲೂ ಬಂಗಾರದ ಅಕ್ಷರದಲ್ಲಿ ಅದಲುಬದಲು ಬರೆದುಬಿಟ್ಟಿದ್ದಾರೆ. ದಾರಿ ಹುಡುಕಲು ಮಾಡಿದ್ದಲ್ಲ ಅದು. ಬೈಬಲ್ ಕತೆ, ಪುರಾಣ, ಪ್ರಾಣಿ, ಪಟ್ಟಣ ಎಲ್ಲವನ್ನೂ ಒಂದೇ ಕಡೆ ಕೂರಿಸಿದ ಚಿತ್ರ.

ತ್ರಿಕೋನ ಮೊದಲು ಕಾಣುವುದು 1375ರ ಕ್ಯಾಟಲನ್ ಅಟ್ಲಾಸ್‌ನಲ್ಲಿ. ಮಜೋರ್ಕಾ ದ್ವೀಪದ ಯಹೂದಿ ನಕ್ಷೆಗಾರ ಅಬ್ರಹಾಂ ಕ್ರೆಸ್ಕೆಸ್ ಮಾಡಿದ್ದು ಅನ್ನುತ್ತಾರೆ, ಈಗ ಪ್ಯಾರಿಸ್‌ನಲ್ಲಿದೆ. ಇದರ ಬೇರು ನಾವಿಕರ ಬಂದರು ನಕ್ಷೆಗಳಲ್ಲಿ. ಆ ನಕ್ಷೆಗಳಲ್ಲಿ ದಿಕ್ಸೂಚಿಯ ಗೆರೆಗಳು ಬಲೆಯ ಹಾಗೆ ಹರಡಿರುತ್ತವೆ, ಊರಿನ ಹೆಸರುಗಳನ್ನು ಕರಾವಳಿಗೆ ಅಡ್ಡಲಾಗಿ ಒಳಮುಖವಾಗಿ ಬರೆದಿರುತ್ತಾರೆ. ಮೇಜಿನ ಮೇಲೆ ಹರಡಿ ಸುತ್ತ ತಿರುಗಿ ಓದಬೇಕು. ಅಟ್ಲಾಸ್ ಕೂಡ ಹಾಗೆಯೇ, ಅರ್ಧ ರಾಜರು ತಲೆಕೆಳಗಾಗಿ ಕೂತಿದ್ದಾರೆ. ದೆಹಲಿ ಸುಲ್ತಾನ ಇದ್ದಾನೆ, ಕೊಲ್ಲಂ ಇದೆ. ಟಾಪ್ರೊಬೇನ್ ದೂರದ ಪೂರ್ವಕ್ಕೆ ಓಡಿಹೋಗಿದೆ, ಹಾಗಾಗಿ ಭಾರತಕ್ಕೆ ಕೆಳಗೆ ಇಳಿಯಲು ಜಾಗ ಸಿಕ್ಕಿದೆ!

ನನಗೆ ಎಲ್ಲಕ್ಕಿಂತ ಇಷ್ಟ ಫ್ರಾ ಮೌರೋ. ವೆನಿಸ್‌ನ ಮುರಾನೊ ಪಕ್ಕದ ಸಾನ್ ಮಿಕೆಲೆ ದ್ವೀಪದ ಮಠದ ಸನ್ಯಾಸಿ, 1450ರ ಸುಮಾರಿಗೆ ಹತ್ತಿರ ಹತ್ತಿರ 2 ಮೀಟರ್ ಅಗಲದ ಗುಂಡು ನಕ್ಷೆ ಬರೆದ. ದಕ್ಷಿಣ ಮೇಲೆ. ಸುಮಾರು 3000 ಕಡೆ ಬರಹ. ಟಾಲೆಮಿಯನ್ನು ಯಾಕೆ ಪೂರ್ತಿ ಅನುಸರಿಸಿಲ್ಲ ಅಂತ ನಕ್ಷೆಯ ಮೇಲೇ ವಾದ ಮಾಡುತ್ತಾನೆ. ಟಾಲೆಮಿ ಟಾಪ್ರೊಬೇನ್ ಹೇಳಲು ಹೋಗಿ ಹೇಳಿದ್ದು ಸಿಲೋನ್ ಮಾತ್ರ ಅಂತ ಅವನ ತಕರಾರು. ಅವನ ಪ್ರಕಾರ ಟಾಪ್ರೊಬೇನ್ ಅಂದರೆ ಸುಮಾತ್ರಾ. ಸ್ವರ್ಗದ ತೋಟವನ್ನು ವೃತ್ತದಿಂದ ಹೊರಗೆ ಮೂಲೆಗೆ ತಳ್ಳಿದ್ದಾನೆ. 1420ರ ಸುಮಾರಿಗೆ ಭಾರತದ ಕಡೆಯಿಂದ ಒಂದು ಹಡಗು ಆಫ್ರಿಕಾದ ತುದಿ ದಾಟಿ ಹೋಯಿತು ಅಂತಲೂ ಬರೆದಿದ್ದಾನೆ.

ಈ ಸುಮಾತ್ರಾ ಮಾತು ಎಲ್ಲಿಂದ ಬಂತು ಗೊತ್ತೇ? ವೆನಿಸ್‌ನ ವ್ಯಾಪಾರಿ ನಿಕೊಲೊ ಕಾಂಟಿ ಹಾಗೆ ಹೇಳಿದ್ದ. ನಮ್ಮ ವಿಜಯನಗರ ನೋಡಿಕೊಂಡು ಹೋದ ಅದೇ ಕಾಂಟಿ. ಪೂರ್ವದಲ್ಲಿದ್ದಾಗ ಮತ ಬದಲಿಸಬೇಕಾಗಿ ಬಂದಿತ್ತು, ಅದಕ್ಕೆ ಕ್ಷಮೆ ಕೇಳಲು ಪೋಪ್ ಬಳಿ ಹೋದ. ಅಲ್ಲಿ ಪೋಪ್‌ನ ಕಾರ್ಯದರ್ಶಿ ಪೊಜ್ಜೊ ಕೂರಿಸಿಕೊಂಡು ಕೇಳಿ ಬರೆದುಕೊಂಡ. ವಿಜಯನಗರದ ಸುತ್ತಳತೆ 60 ಮೈಲಿ ಅನ್ನುವ ಮಾತು ಬರುವುದು ಆ ಬರಹದಲ್ಲೇ. ಫ್ರಾ ಮೌರೋ ನಕ್ಷೆಯ ಪೂರ್ವದ ಭಾಗಕ್ಕೆ ಕಾಂಟಿಯ ಮಾತು ಒಂದು ಮುಖ್ಯ ಆಧಾರ ಅಂತ ಪಂಡಿತರು ಹೇಳುತ್ತಾರೆ. ಅಷ್ಟಾದರೂ ಅವನ ಭಾರತದ ಕರಾವಳಿ ನಮ್ಮ ಕಣ್ಣಿಗೆ ನೆಟ್ಟಗಿಲ್ಲ. ಕಾಂಟಿ ಊರು ಹೇಳಿದ, ಡಿಗ್ರಿ ಹೇಳಲಿಲ್ಲ.

ನಕ್ಷೆಹುಳ

ಅಬ್ಬಾ, ಒಂದು ಕೇಳಿದರೆ ಹತ್ತು ಸಿಕ್ಕಿತು. ಆದರೆ 1375ರಲ್ಲೇ ತ್ರಿಕೋನ ಬಂದಿದ್ದರೆ 1482ರ ಉಲ್ಮ್ ನಕ್ಷೆಯಲ್ಲಿ ಮತ್ತೆ ಯಾಕೆ ಹೋಯಿತು? ಇದು ಹಿಂದಕ್ಕೆ ಹೋದ ಹಾಗಾಯಿತಲ್ಲ.

ರೋಜರನ_ಆಸ್ಥಾನ

ಹಿಂದಕ್ಕೇ ಹೋಯಿತು! ಟಾಲೆಮಿಯ ಪುಸ್ತಕ ಪಶ್ಚಿಮ ಯುರೋಪಿಗೆ ಲ್ಯಾಟಿನ್‌ನಲ್ಲಿ ಸಿಕ್ಕಿದ್ದೇ 1400 ಆದ ಮೇಲೆ, ಜಾಕೊಪೊ ಆಂಜೆಲಿ ಅನುವಾದ ಮಾಡಿದಾಗ. ಪುರಾತನ ಗ್ರೀಕ್ ಪಂಡಿತ, ಎಲ್ಲಕ್ಕೂ ಡಿಗ್ರಿ ಕೊಟ್ಟಿದ್ದಾನೆ, ಅಡ್ಡ ಉದ್ದ ಗೆರೆ ಹಾಕಿ ಬರೆಯಬಹುದು. ನಾವಿಕರ ಬಾಯಿಮಾತು ಇದರ ಮುಂದೆ ಸಪ್ಪೆ. ಅಷ್ಟರಲ್ಲಿ ಅಚ್ಚುಕೂಟ ಬಂತು. 1477ರಲ್ಲಿ ಬೊಲೊನ್ಯಾ, 1478ರಲ್ಲಿ ರೋಮ್, 1482ರಲ್ಲಿ ಉಲ್ಮ್. ಕ್ರೆಸ್ಕೆಸ್‌ನ ಅಟ್ಲಾಸ್ ಒಬ್ಬ ರಾಜನ ಕಪಾಟಿನಲ್ಲಿ, ಟಾಲೆಮಿ ಅಂಗಡಿಯಲ್ಲಿ. ಯಾವುದು ಹರಡುತ್ತದೆ ಹೇಳಿ.

ಕಡಲಂಚು_ಕಾರವಾರ

ಕೊನೆಗೆ ಸರಿಹೋದದ್ದು ನಮ್ಮ ಕಡಲಿನಲ್ಲೇ. ಇಲ್ಲಿ ಓಡಾಡುವ ನಾವಿಕರ ಹತ್ತಿರ ಕಮಾಲ್ ಅಂತ ಒಂದು ಸಾಧನ ಇರುತ್ತಿತ್ತು. ಒಂದು ಪುಟ್ಟ ಮರದ ಹಲಗೆ, ನಡುವೆ ತೂತು, ಅದರಲ್ಲಿ ಗಂಟು ಹಾಕಿದ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಹಿಡಿಯಬೇಕು. ಕೆಳಗಿನ ಅಂಚು ಕಡಲಿನ ಗೆರೆಗೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ತಾಗಬೇಕು. ಯಾವ ಗಂಟಿಗೆ ತಾಗಿತು ಅಂತ ನೋಡಿ ಬಂದರು ಹೇಳುತ್ತಿದ್ದರು. ಅಳತೆಯ ಹೆಸರು ಬೆರಳು. ಅಂದರೆ ಟಾಲೆಮಿಗೆ ಸಿಗದ ಅಕ್ಷಾಂಶ ಇವರ ಬಾಯಲ್ಲೇ ಇತ್ತು, ಹಲ್ಲಿನ ಮಧ್ಯೆ :)

1498ರಲ್ಲಿ ವಾಸ್ಕೊ ಡ ಗಾಮನಿಗೆ ಆಫ್ರಿಕಾದ ಮಾಲಿಂದಿಯಲ್ಲಿ ದಾರಿ ತೋರಿಸುವವನು ಸಿಕ್ಕ. ಅವನು ಇಡೀ ಭಾರತದ ಕರಾವಳಿಯ ನಕ್ಷೆ ಬಿಚ್ಚಿ ತೋರಿಸಿದ ಅಂತ ಮುಂದಿನ ಶತಮಾನದ ಪೋರ್ಚುಗೀಸ್ ಚರಿತ್ರೆಕಾರ ಬಾರೊಸ್ ಬರೆಯುತ್ತಾನೆ. ನಕ್ಷೆಯಲ್ಲಿ ಅಡ್ಡ ಉದ್ದ ಗೆರೆಗಳು ತೀರಾ ಒತ್ತೊತ್ತಾಗಿದ್ದವಂತೆ. ಅದು ಸಿಕ್ಕಿದ್ದರೆ ಈ ಚರ್ಚೆಗೆ ಬೇರೆಯೇ ಬಣ್ಣ ಬರುತ್ತಿತ್ತು.

ವಾಪಸ್ ಹೋಗುವಾಗ ಗಾಮ ನಮ್ಮ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ತಂಗಿದ್ದ. ಅಲ್ಲಿಗೆ ಬಂದ ಒಬ್ಬ ಯಹೂದಿಯನ್ನು ಹಿಡಿದು ಲಿಸ್ಬನ್‌ಗೆ ಕರೆದುಕೊಂಡು ಹೋದ. ಅವನಿಗೆ ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟರು, ಈ ಕಡೆಯ ಬಂದರು, ವ್ಯಾಪಾರದ ಮಾಹಿತಿ ಬೇಕಾದಷ್ಟು ಸಿಕ್ಕಿದ್ದು ಅವನಿಂದ. 1502ಕ್ಕೆ ಲಿಸ್ಬನ್‌ನಲ್ಲಿ ಬರೆದ ನಕ್ಷೆಯಲ್ಲಿ ಭಾರತ ಚೂಪು ತುದಿಯ ತ್ರಿಕೋನ. ಗುಟ್ಟಿನ ಮಾಹಿತಿ ಅದು. ಇಟಲಿಯ ಫೆರಾರಾದ ಡ್ಯೂಕ್‌ನ ಕಡೆಯವನು ಆಲ್ಬರ್ಟೊ ಕ್ಯಾಂಟಿನೊ 12 ಚಿನ್ನದ ಡುಕಟ್ ಕೊಟ್ಟು ಸಾಗಿಸಿದ, ಅದಕ್ಕೇ ಕ್ಯಾಂಟಿನೊ ನಕ್ಷೆ ಅನ್ನುತ್ತಾರೆ. 19ನೇ ಶತಮಾನದ ಗಲಭೆಯಲ್ಲಿ ಮೊಡೆನಾದ ಅರಮನೆಯಿಂದ ಕಳುವಾಗಿ, ಕೊನೆಗೆ ಮಾಂಸದ ಅಂಗಡಿಯೊಂದರಲ್ಲಿ ಸಿಕ್ಕಿತು. ಈಗ ಮೊಡೆನಾದ ಎಸ್ಟೆನ್ಸೆ ಗ್ರಂಥಾಲಯದಲ್ಲಿದೆ.

ಸುಮ್ನೆ_ಓದೋನು

ಮಾಂಸದ ಅಂಗಡಿ ನಿಜವಾ? ಸುಮ್ನೆ ಹೇಳ್ತಿದ್ದೀರಾ?

ಕಡಲಂಚು_ಕಾರವಾರ

ನಿಜ ಮಾರಾಯ್ರೇ. ಜುಸೆಪ್ಪೆ ಬೋನಿ ಅನ್ನುವವರು ಅಲ್ಲಿ ನೋಡಿ ಕೊಂಡು ಗ್ರಂಥಾಲಯಕ್ಕೆ ಸೇರಿಸಿದರು.

ನಕ್ಷೆಹುಳ

ಎಲ್ಲರಿಗೂ ಥ್ಯಾಂಕ್ಸ್. ಗೋಡೆಗೆ ಹಾಕಲು ಉಲ್ಮ್ ನಕ್ಷೆಯನ್ನೇ ಪ್ರಿಂಟ್ ಹಾಕಿಸೋಣ ಅಂತಿದ್ದೆ. ಈಗ ಕ್ಯಾಂಟಿನೊ ಹಾಕಿಸಲಾ ಅನ್ನಿಸುತ್ತಿದೆ.

ಹಳೇಕಾಗದ

ಎರಡೂ ಅಕ್ಕಪಕ್ಕ ಹಾಕಿಸಿ. 1513ರ ಸ್ಟ್ರಾಸ್‌ಬರ್ಗ್ ಮುದ್ರಣದವರು ಮಾಡಿದ್ದೂ ಅದನ್ನೇ, ಟಾಲೆಮಿಯ ಹಳೆಯ ನಕ್ಷೆಗಳನ್ನು ಮುಟ್ಟದೆ ಹಾಗೇ ಬಿಟ್ಟು ಅದೇ ಪುಸ್ತಕದಲ್ಲಿ ಹೊಸ ನಕ್ಷೆಗಳನ್ನೂ ಸೇರಿಸಿದರು. ಕ್ಯಾಂಟಿನೊ ಎರಡು ಮೀಟರ್‌ಗಿಂತ ಉದ್ದ ಇದೆ, ಹೆಸರುಗಳು ತೀರಾ ಸಣ್ಣ. ಎ3 ಹಾಳೆಯಲ್ಲಿ ಹಾಕಿಸಿದರೆ ನಮ್ಮ ಕರಾವಳಿಯ ಒಂದು ಹೆಸರೂ ಓದಲು ಬರಲ್ಲ, ಭಾರತದ ಭಾಗ ಮಾತ್ರ ಕತ್ತರಿಸಿ ಬೇರೆ ಪ್ರಿಂಟ್ ತೆಗೆಸಿ.